ಹಸುವಿನ ಹಿಂದೆ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ದಾರಿ ಎಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದಲೇ ಅವರು ಗೈಡ್ ಆದರು!

ತಮಾಷೆ ಮಾಡುತ್ತಿಲ್ಲ. ಕಂಬಂ ಸಂತೆಗೆ ಹೋದ ಮನುಷ್ಯ ಗೂಡಲೂರಿನ ತಮ್ಮ ಮನೆಗೆ ಹೋಗುವ ಬದಲು ಎದುರು ದಿಕ್ಕಿನ ಬಸ್ಸು ಹತ್ತಿ, ಚಿನ್ನಮನೂರಿನಲ್ಲಿ ನಮ್ಮ ಮನೆ ಮುಂದೆ ಇಳಿದು, "ನಿನ್ನ ನೋಡ್ಕೊಂಡು ಓಗವಾ ಅಂತ ಬಂದೆ ಕಣಮ್ಮ" ಎಂದು ಹಲ್ಲು ಬಿಟ್ಟಿದ್ದಕ್ಕೆ ಲೆಕ್ಕವಿಲ್ಲ. ಪಳನಿಗೆ ಪಾದಯಾತ್ರೆ ಹೊರಟಾಗಲಂತೂ ಕೇಳಲೇಬೇಡಿ. ಊರಿಗೆ ಊರೇ ಕಾವಡಿ ಹೊತ್ತು, ಒಂದೇ ರಸ್ತೆಯಲ್ಲಿ, ಒಂದೇ ಕಡೆಗೆ ಮುಖ ಮಾಡಿ ನಡೆಯುತ್ತಿದ್ದರೆ ಅದರಲ್ಲೂ ದಾರಿ ತಪ್ಪಲು ಸಾಧ್ಯವೇ? ಚಿಕ್ಕಪ್ಪನಿಗೆ ಸಾಧ್ಯ! ಕೊನೆಗೆ ದಿಂಡಿಗಲ್ಲಿನಲ್ಲಿ ಪತ್ತೆಯಾದರು. ಬರಿಗೈಯಲ್ಲಿ ಬರಬಾರದೆಂದು ಬೀಗಕ್ಕೆ ಹೆಸರಾದ ಆ ಊರಿನಿಂದ ಒಂದು ದೊಡ್ಡ ಬೀಗ ಕೊಂಡು ತಂದಿದ್ದರು. ಅದರ ಬೀಗದಕೈ ದಾರಿಯಲ್ಲಿ ಬಿದ್ದುಹೋಗಿತ್ತು.

ಇಂಥವರು ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಮನೆ ಮುಂದೆ ಬೋರ್ಡು ಹಾಕಿದರು. 'ಈಸಿ ಟ್ರೆಕ್ಕಿಂಗ್.' ಕೆಳಗೆ ಮೂರು ದಾರಿಗಳ ಹೆಸರು: ಜಲಪಾತದ ದಾರಿ, ಏಲಕ್ಕಿ ಕಾಡಿನ ದಾರಿ, ಕಣಿವೆ ಪೂರ್ತಿ ಕಾಣುವ ದಾರಿ. ಆಗ ಕುಮಳಿಗೆ ಆನೆ ನೋಡಲು ಬಂದು ಬೇಜಾರಾದ ವಿದೇಶಿಯರು ಘಾಟಿ ಇಳಿದು ನಮ್ಮ ಕಡೆಗೂ ಬರತೊಡಗಿದ್ದರು. ಚಿಕ್ಕಪ್ಪನಿಗೆ ಬರುತ್ತಿದ್ದ ಇಂಗ್ಲಿಷು ಒಂದೇ ಪದ, ಈಸೀ. ಉಳಿದದ್ದಕ್ಕೆ ಚಿನ್ನಮನೂರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದ ನಾನಿದ್ದೆನಲ್ಲ! ವಾರವಿಡೀ ಮಕ್ಕಳ ಕೈಲಿ ಒದ್ದಾಡಿ, ಭಾನುವಾರ ಕಾಲು ಚಾಚೋಣವೆಂದರೆ ಈ ಮಹರಾಯರ ಹಿಂದೆ ಗುಡ್ಡ ಹತ್ತಬೇಕು. ನನ್ನ ಹಣೆಬರಹ.

"ಚಿಕ್ಕಪ್ಪ, ಎಷ್ಟು ದೂರ ಅಂತ ಕೇಳ್ತಿದ್ದಾರೆ."

"ಈಸೀ ಅನ್ನು."

"ಜಿಗಣೆ ಇದೆಯಾ ಅಂತೆ."

"ಈಸೀ."

"ಆನೆ ಬಂದ್ರೆ?"

"ಅದೂ ಈಸೀ ಕಣಮ್ಮ! ಶುಮ್ಮನೆ ಪಯಪಡಿಸ್ಬೇಡ ಪಾಪ."

ದಾರಿ ತಿಳಿಯದವರು ದಾರಿ ತೋರಿಸುವುದು ಹೇಗೆ? ಅದಕ್ಕೊಂದು ಹಸುವಿತ್ತು. ಕೆಂದು ಬಣ್ಣದ, ಕೊರಳಿಗೆ ಗಂಟೆ ಕಟ್ಟಿದ ಹಸು. ಬಣ್ಣ ನೋಡಿ ಸೆವಲೆ ಎಂದು ಕರೆಯುತ್ತಿದ್ದೆವು. ಮುಂದೆ ಸೆವಲೆ, ಅದರ ಹಿಂದೆ ಚಿಕ್ಕಪ್ಪ, ಅವರ ಹಿಂದೆ ಬೆನ್ನಿಗೆ ಮೂಟೆ ಕಟ್ಟಿಕೊಂಡ ವಿದೇಶಿಯರು, ಕೊನೆಯಲ್ಲಿ ನಾನು. ಹಸು ನಿಂತರೆ ನಾವು ನಿಂತೆವು. ಹಸು ಮೇಯ್ದರೆ ನಾವು ಬಿಸ್ಕತ್ತು ತಿಂದೆವು. ಹಸು ಸೆಗಣಿ ಹಾಕಿದರೆ ಎಲ್ಲರೂ ಮರ್ಯಾದೆಯಿಂದ ಆ ಕಡೆ ತಿರುಗಿ ಕಣಿವೆಯ ಸೌಂದರ್ಯ ನೋಡಿದೆವು.

ಒಬ್ಬ ಜರ್ಮನ್ ತಡೆಯಲಾರದೆ ಕೇಳಿಯೇಬಿಟ್ಟ, ನಕ್ಷೆ ಇಲ್ಲವೇ ಎಂದು. ಚಿಕ್ಕಪ್ಪನಿಗೆ ರೋಷ ಬಂತು.

"ನಮ್ಮ ಮುತ್ತಾತ್ನೋರು ಕನ್ನಡ ದೇಸದಿಂದ ಇಲ್ಲಿಗಂಟ ದನದ ಹಿಂದ್ಲೇ ಬಂದ್ರು. ದನ ಎಲ್ಲಿ ಮಲಗ್ತೋ ಅಲ್ಲಿ ಊರು ಕಟ್ಟುದ್ರು. ಅವ್ರತ್ರ ಮ್ಯಾಪಾ ಇತ್ತು? ಕೇಳು ಆ ವೆಳ್ಳಕಾರನ್ನ!"

ನಮ್ಮವರೆಲ್ಲ ನಂಬಿದ ಕಥೆ ಅದು. ದನವನ್ನು ನಂಬಿ ಕೆಟ್ಟವರಿಲ್ಲ ಎಂಬುದರಲ್ಲಿ ನಮ್ಮ ಜನಕ್ಕೆ ಅನುಮಾನವೇ ಇಲ್ಲ. ಆದರೆ ಮುತ್ತಾತಂದಿರ ಕಾಲದಲ್ಲಿ ದ್ರಾಕ್ಷಿ ತೋಟಗಳು ಇದ್ದವೋ ಇಲ್ಲವೋ! ಒಮ್ಮೆ ಸೆವಲೆ ನೇರವಾಗಿ ಯಾರದೋ ದ್ರಾಕ್ಷಿ ಚಪ್ಪರದೊಳಗೆ ನುಗ್ಗಿತು. ಇಡೀ ತಂಡ ಬಗ್ಗಿಕೊಂಡು ಅದರ ಹಿಂದೆಯೇ ನುಗ್ಗಿತು. ತೋಟದವನು ತಮಿಳಿನಲ್ಲಿ ನಮ್ಮ ಏಳು ತಲೆಮಾರನ್ನೂ ನೆನೆಯುತ್ತ ದೊಣ್ಣೆ ಹಿಡಿದು ಬಂದ. ವಿದೇಶಿಯರು ಇದೂ ಕಾರ್ಯಕ್ರಮದಲ್ಲಿದೆ ಎಂದುಕೊಂಡು ಕ್ಯಾಮೆರಾ ತೆಗೆದರು. ಆತ ದೊಣ್ಣೆ ಕೆಳಗಿಟ್ಟು, ಮೀಸೆ ತೀಡಿಕೊಂಡು, ನೆಟ್ಟಗೆ ನಿಂತ. ಆಮೇಲೆ ಎಲ್ಲರಿಗೂ ಒಂದೊಂದು ಗೊಂಚಲು ಕೊಟ್ಟು ಕಳಿಸಿದ.

ಇನ್ನೊಂದು ವಿಚಿತ್ರ ಕೇಳಿ. ಬೋರ್ಡಿನಲ್ಲಿದ್ದದ್ದು ಮೂರು ದಾರಿ ತಾನೇ? ಜಲಪಾತ ಎಂದು ಹೊರಟರೂ, ಏಲಕ್ಕಿ ಎಂದು ಹೊರಟರೂ, ಕಣಿವೆ ಎಂದು ಹೊರಟರೂ ನಾವು ಕೊನೆಗೆ ತಲುಪುತ್ತಿದ್ದದ್ದು ಒಂದೇ ಅಂಗಳಕ್ಕೆ. ಗುಡ್ಡದ ಮೇಲಿನ ಪುಟ್ಟ ಊರಿನ ಕೊನೆಯ ಮನೆ. ಅದು ನನ್ನ ಅತ್ತೆಯ ಮನೆ, ಅಂದರೆ ಚಿಕ್ಕಪ್ಪನ ಒಬ್ಬಳೇ ತಂಗಿಯ ಮನೆ. ಸೆವಲೆ ಸೀದಾ ಅಂಗಳಕ್ಕೆ ಹೋಗಿ ಹಳೆಯ ಗೂಟದ ಪಕ್ಕ ನಿಂತುಬಿಡುತ್ತಿತ್ತು. ನಿಲ್ಲದೆ ಇನ್ನೇನು? ಅದು ಅತ್ತೆಗೆ ತವರಿನಿಂದ ಬಂದ ಹಸು!

ಇಲ್ಲಿಂದ ನನ್ನ ಗೋಳು ಶುರು. ನಮ್ಮಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಅಣ್ಣನಾದವನು ಒಂದು ಹಸುವನ್ನು ಜೊತೆಗೆ ಹೊಡೆದು ಕಳಿಸುತ್ತಾನೆ. ಅದು ಅಂಗಳದಲ್ಲಿ ಇರುವ ತನಕ ಅವಳಿಗೆ ತವರಿದೆ ಎಂದು ಅರ್ಥ. ಸೆವಲೆ ಕರುವಾಗಿ ಅತ್ತೆಯ ಜೊತೆ ಹೋಗಿ, ಅಲ್ಲೇ ಬೆಳೆದು, ಅಲ್ಲೇ ಈದಿತ್ತು. ಆಮೇಲೆ ಅತ್ತೆಯ ಮಗನಿಗೆ ಕಿವಿ ಚುಚ್ಚುವ ದಿನ ಬಂತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವರು ತಾಯ್‌ಮಾಮ, ನಮ್ಮ ಅಪ್ಪ ಆಗಲೇ ತೀರಿಹೋಗಿದ್ದರಿಂದ ಅಂದರೆ ನಮ್ಮ ಚಿಕ್ಕಪ್ಪ. ಬೇರೆ ಯಾರ ತೊಡೆಯೂ ಆಗದು. ಓಲೆಯನ್ನೂ ಅವರೇ ತರಬೇಕು. ಅವರು ಓಲೆ ತೆಗೆದುಕೊಂಡು, ಹೊಸ ಬಟ್ಟೆ ಉಟ್ಟು, ಅಡ್ಡದಾರಿ ಈಸೀ ಎಂದು ಒಬ್ಬರೇ ಹೊರಟರು.

ಮುಂದಿನದನ್ನು ನಾನು ಹೇಳಬೇಕೆ? ಅವರು ತಲುಪಿದ್ದು ಮಾರನೆಯ ದಿನ! ಕಿವಿ ಚುಚ್ಚುವ ಆಚಾರಿ ಕಾದು ಕಾದು, ಮುಹೂರ್ತ ಮೀರುತ್ತದೆಂದು, ಮಗುವನ್ನು ಗಂಡನ ಕಡೆಯ ಯಾರದೋ ತೊಡೆಯ ಮೇಲೆ ಕೂರಿಸಿ, ಯಾರದೋ ಓಲೆ ಹಾಕಿ ಮುಗಿಸಿದ್ದ. ನೆಂಟರೆಲ್ಲ, "ನಿನಗೆ ತವರೇ ಇಲ್ವಾ ತಾಯಿ?" ಎಂದು ಕೇಳಿದರಂತೆ. ಬಂದ ಅಣ್ಣನ ಮುಂದೆಯೇ ಅತ್ತೆ ಗೂಟದಿಂದ ಸೆವಲೆಯನ್ನು ಬಿಚ್ಚಿ, ಹಗ್ಗವನ್ನು ಅವರ ಕೈಗೆ ಕೊಟ್ಟರು. ಅದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ.

ಅವತ್ತಿನಿಂದ ಇಬ್ಬರದೂ ಹಠ. ಕರೆದರೆ ಒಳಗೆ ಬರುತ್ತೇನೆಂದು ಇವರು. ಒಳಗೆ ಬಂದರೆ ಕರೆಯುತ್ತೇನೆಂದು ಅವರು! ಇದನ್ನು ಬಗೆಹರಿಸುವವರು ಭೂಮಿಯ ಮೇಲೆ ಹುಟ್ಟಿದ್ದಾರೆಯೇ? ನಾನಂತೂ ಸೋತೆ. ಬೇಡಿಕೊಂಡೆ, ಬೈದೆ, ಊಟ ಬಿಟ್ಟೆ. ನನ್ನ ತೂಕ ಇಳಿಯಿತೇ ಹೊರತು ಅವರ ಹಠ ಇಳಿಯಲಿಲ್ಲ. ಅಣ್ಣನಾಗಿ ಆ ಅಂಗಳಕ್ಕೆ ಹೋಗಲು ಮುಖವಿಲ್ಲದ ಮನುಷ್ಯ ಗೈಡಾಗಿ ಹೋಗಲು ಬೋರ್ಡು ಬರೆಸಿದ್ದರು, ಅಷ್ಟೇ. ಊರೂರಿನಿಂದ ಬಂದ ವಿದೇಶಿಯರು ತಾವು ನೆಪವೆಂದು ತಿಳಿಯದೆ ಬೆವರು ಸುರಿಸಿ ಗುಡ್ಡ ಹತ್ತುತ್ತಿದ್ದರು.

ಅಲ್ಲಿ ತಲುಪಿದ ಮೇಲಿನ ನಾಟಕ ನೋಡಬೇಕಿತ್ತು. ವಿದೇಶಿಯರೂ ನಾನೂ ಜಗಲಿಯ ಮೇಲೆ. ಚಿಕ್ಕಪ್ಪ ಬೇಲಿಯಾಚೆ ಹಲಸಿನ ಮರದ ಕೆಳಗೆ. ಅತ್ತೆ ಸೆವಲೆಗೆ ಕಲಗಚ್ಚು ಇಟ್ಟು, ಮೈ ನೇವರಿಸಿ, ನನ್ನ ಕಡೆ ತಿರುಗುತ್ತಿದ್ದರು.

"ಟೀಚರಮ್ಮ, ನಿಮ್ಮ ಗೈಡು ಉಣ್ತಾರಾ ಕೇಳು."

ನಾನು ಕೇಳುವ ಮೊದಲೇ ಮರದ ಕೆಳಗಿನಿಂದ, "ಗೈಡ್ಗೆ ಅಸಿವಿಲ್ಲ ಅನ್ನು."

"ಅಸಿವಿಲ್ದೆ ಇದ್ರೆ ಮೊಕ ಯಾಕೆ ಅಂಗೆ ಬಾಡೈತೆ ಕೇಳು."

"ಬಿಸ್ಲು ಅನ್ನು."

"ತಲೆಗೆ ತುಂಡು ಬಟ್ಟೆ ಆಕ್ಕೊಂಡು ಬರಕ್ಕೇನು ಕೇಡು ಅಂತ ಕೇಳು!"

ಒಬ್ಬ ಹಾಲೆಂಡಿನ ಹೆಂಗಸು, ಇವರು ಏನು ಚರ್ಚಿಸುತ್ತಿದ್ದಾರೆ ಎಂದು ಕೇಳಿದಳು. ಹವಾಮಾನ ಎಂದೆ. ಕೊನೆಗೆ ಅತ್ತೆಯ ಮಗ, ಆ ಕಿವಿ ಚುಚ್ಚಿಸಿಕೊಂಡ ಮಹಾನುಭಾವ, ಅಷ್ಟು ಹೊತ್ತಿಗೆ ಮೀಸೆ ಮೊಳೆಯುತ್ತಿದ್ದ ಉದ್ದನೆಯ ಹುಡುಗ, ಎಲೆಯಲ್ಲಿ ಊಟ ಕಟ್ಟಿಕೊಂಡು ಹೋಗಿ ಮರದ ಕೆಳಗೆ ಇಡುತ್ತಿದ್ದ. ಚಿಕ್ಕಪ್ಪ ಮನೆಗೆ ಬೆನ್ನು ತಿರುಗಿಸಿ ಕೂತು, ಹಸಿವಿಲ್ಲದವರು ಉಣ್ಣುವಂತೆ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ಇಳಿಯುವಾಗ ನನಗೆ ಪ್ರತಿ ಸಲವೂ ಅಳು ಬರುತ್ತಿತ್ತು. ಹೀಗೇ ಇವರು ಒಂದು ದಿನ ಸಾಯುತ್ತಾರೆ, ಒಬ್ಬರು ಬೇಲಿಯ ಒಳಗೆ, ಒಬ್ಬರು ಹೊರಗೆ ಎಂದು ನನಗೆ ಖಾತ್ರಿಯಾಗಿಬಿಟ್ಟಿತ್ತು.

ಅದಕ್ಕೆ ಮುಂಚೆ ಮುದಿಯಾದದ್ದು ಸೆವಲೆ. ಏರು ಬಂದರೆ ಏದುಸಿರು ಬಿಡುತ್ತಿತ್ತು. ಚಿಕ್ಕಪ್ಪ ಅದರ ಗಂಟೆ ಬಿಚ್ಚಿ ತಮ್ಮ ಕುತ್ತಿಗೆಗೆ ಹಾಕಿಕೊಂಡರು, ಭಾರ ಕಡಿಮೆಯಾಗಲಿ ಎಂದು! ಗಂಟೆ ಕಟ್ಟಿಕೊಂಡ ಗೈಡನ್ನು ನೋಡಿ ನಗದವರಿಲ್ಲ. ನಾನೂ ನಕ್ಕೆ.

ಆಡಿ, ಅಂದರೆ ಆಷಾಢ ತಿಂಗಳ ಗಾಳಿ ಕಣಿವೆಯನ್ನು ಗುಡಿಸುತ್ತಿದ್ದ ಒಂದು ದಿನ, ಫ್ರಾನ್ಸಿನ ಗಂಡಹೆಂಡತಿಯನ್ನು ಕರೆದುಕೊಂಡು ಹೊರಟಿದ್ದೆವು. ಊರು ಇನ್ನೇನು ಕಾಣಬೇಕು ಎನ್ನುವ ತಿರುವಿನಲ್ಲಿ ಸೆವಲೆ ಮುಂಗಾಲು ಮಡಿಸಿ ಕೂತಿತು. ಆಮೇಲೆ ಪಕ್ಕಕ್ಕೆ ವಾಲಿತು. ಚಿಕ್ಕಪ್ಪ ಅದರ ತಲೆಯನ್ನು ತೊಡೆಗೆ ಎಳೆದುಕೊಂಡು, ಎಲ್ಲೋ ನೋಡುತ್ತ, "ನೀವು ಓಗಿ. ನಂಗೆ ದಾರಿ ಗೊತ್ತಿಲ್ಲ" ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಆ ದಂಪತಿಯನ್ನು ಕರೆದುಕೊಂಡು ಓಡಿದೆ. ಅತ್ತೆ ಗಂಟೆಯ ಸದ್ದಿಲ್ಲದೆ ನಾವು ಬಂದದ್ದನ್ನು ನೋಡಿಯೇ ಎದ್ದು ನಿಂತಿದ್ದರು. ನಾನು ಸೆವಲೆ ಎಂದೆ, ಅಷ್ಟೇ. ಕೈಯಲ್ಲಿದ್ದ ಮೊರ ಬಿಸಾಡಿ, ಬರಿಗಾಲಲ್ಲಿ ಬೇಲಿ ದಾಟಿ, ಇಳಿಜಾರಿನಲ್ಲಿ ಹುಡುಗಿಯಂತೆ ಓಡಿದರು. ಹಿಂದೆ ಅವರ ಮಗ ಓಡಿದ. ನಾವೂ ಓಡಿದೆವು. ಅಷ್ಟರಲ್ಲಿ ಸೆವಲೆಯ ಉಸಿರು ನಿಂತಿತ್ತು. ಅಣ್ಣತಂಗಿ ಅದರ ಅಕ್ಕಪಕ್ಕ ಕೂತು ಅತ್ತರು. ಹಸುವಿಗಾಗಿಯೋ ಇನ್ನಾವುದಕ್ಕೋ, ನಾನು ಕೇಳಲಿಲ್ಲ. ಅತ್ತೆಯ ಮಗ ಮನೆಗೆ ಹೋಗಿ ಹಾರೆ ತಂದ. ಆ ಫ್ರೆಂಚ್ ಗಂಡ ಅಂಗಿ ತೋಳು ಮಡಿಸಿ ಗುಂಡಿ ತೋಡಲು ಕೈ ಹಚ್ಚಿದ.

ಮಣ್ಣು ಮುಚ್ಚಿದ ಮೇಲೆ ಚಿಕ್ಕಪ್ಪ ಗಂಟೆಯನ್ನು ಅದರ ಮೇಲಿಟ್ಟು, ಕೆಳಗಿಳಿಯಲೆಂದು ಎದ್ದು, ಕಾಡಿನೊಳಗೆ ಹೋಗುವ ದಾರಿಗೆ ತಿರುಗಿದರು. ಅತ್ತೆ ಕಣ್ಣು ಒರೆಸಿಕೊಂಡು ನೋಡಿದರು. ನನ್ನ ಮೂಲಕ ಅಲ್ಲ, ನೇರವಾಗಿ ಹೇಳಿದರು:

"ಅಣ್ಣಾ, ಅತ್ಲಾಗೆ ಎಲ್ಲಿ ಓಗ್ತೀಯ? ತಪ್ಪಿಸ್ಕೊಂಬಿಡ್ತೀಯ. ನನ್ನ ಹಿಂದೆ ಬಾ."

ಚಿಕ್ಕಪ್ಪ ತಲೆ ತಗ್ಗಿಸಿ ಹಿಂದೆ ಹೋದರು. ಹಲಸಿನ ಮರ ದಾಟಿದರು. ಬೇಲಿ ದಾಟಿದರು. ಹೊಸ್ತಿಲೂ ದಾಟಿದರು. ಒಳಗೆ ಚಾಪೆಯ ಮೇಲೆ ಕೂತು, ಸೊಂಟದ ಚೀಲದಿಂದ ಪುಟ್ಟ ಪೊಟ್ಟಣ ಬಿಚ್ಚಿದರು. ಅವೇ ಓಲೆಗಳು! ಹುಡುಗನನ್ನು ಹತ್ತಿರ ಕರೆದು ಕಿವಿಗೆ ಹಿಡಿದು ನೋಡಿದರು. ತೂತು ಯಾವಾಗಲೋ ಮುಚ್ಚಿಹೋಗಿತ್ತು. ಇಷ್ಟು ವರ್ಷಗಳು ಎಲ್ಲಿ ಹೋದವು ಎಂಬಂತೆ ಬೆರಳಿನಿಂದ ಅದನ್ನು ಸವರುತ್ತಲೇ ಇದ್ದರು.

ಹುಡುಗ ಒಂದು ಕ್ಷಣ ತಾಯಿಯ ಮುಖ ನೋಡಿದ. ಆಮೇಲೆ ಮೀಸೆ ಹೊತ್ತ ಆ ಉದ್ದನೆಯ ದೇಹವನ್ನು ಹೇಗೋ ಮಡಿಸಿ ಮಾವನ ತೊಡೆಯ ಮೇಲೆ ಕೂತುಬಿಟ್ಟ. ಕಾಲುಗಳು ಬಾಗಿಲವರೆಗೂ ಚಾಚಿಕೊಂಡವು. ಫ್ರೆಂಚ್ ಹೆಂಗಸು ಕಾರ್ಯಕ್ರಮ ಎಂದುಕೊಂಡು ಚಪ್ಪಾಳೆ ತಟ್ಟಲು ಹೋದವಳು ನನ್ನ ಮುಖ ನೋಡಿ ಸುಮ್ಮನಾದಳು.

"ಬಾರ ಆಗ್ತೈತಾ ಅಣ್ಣ?" ಅತ್ತೆ ಕೇಳಿದರು.

"ಈಸೀ," ಅಂದರು ಚಿಕ್ಕಪ್ಪ. ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.