ವಯೋಲಿನ್ನಿಗೊಂದು ಕೋಣೆ

ಹುಕ್ಕೇರಿಯಲ್ಲಿ ವಯೋಲಿನ್ ಕಲಿಸುವವಳಿಗೆ ನಗೆಯ ಪ್ರಸಂಗಗಳಿಗೇನೂ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ನಾನು ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಸಂಗೀತದ ಬಾಯಾರು, ಅಂದರೆ ಟೀಚರು. ಶನಿವಾರ ಗೋಕಾಕಕ್ಕೆ, ರವಿವಾರ ಮೂಡಲಗಿಗೆ ಬಸ್ಸು ಹಿಡಿದು ಹೋಗಿ ಕಲಿಸಿ ಬರುತ್ತೇನೆ. ಶಾಲೆಯವರು ನನಗೆ ಸೈಕಲ್ ಸ್ಟ್ಯಾಂಡಿನ ಬಾಜೂಕಿನ ಒಂದು ಕೋಣೆ ಕೊಟ್ಟಿದ್ದರು. ಹೋದ ಜೂನ್‌ನಲ್ಲಿ ಚೇರ್ಮನ್ನರು ಕರೆದು, ಈ ವರ್ಷ ಶಾಲೆಯ ತಪಾಸಣೆಗೆ ತಂಡ ಬರುತ್ತದೆ, ಅವರೆದುರು ನನ್ನ ಶಿಷ್ಯರಲ್ಲಿ ಒಬ್ಬರಾದರೂ ಚೆನ್ನಾಗಿ ನುಡಿಸಬೇಕು ಎಂದರು. ಯಾವ ಊರಿನವರಾದರೂ, ಯಾವ ವಯಸ್ಸಿನವರಾದರೂ ನಡೆಯುತ್ತದಂತೆ. 'ಎಲ್ಲ ವಯಸ್ಸಿನವರಿಗೂ ಸಂಗೀತ' ಎಂದು ಬೋರ್ಡು ಹಾಕಿಸುವ ವಿಚಾರ ಅವರದು.

"ನುಡಿಸಿದ್ರ ರೂಮ್ ನಿಮ್ದು. ಇಲ್ಲಂದ್ರ ಅಬ್ಯಾಕಸ್‌ನವರು ಕಾಯಾಕತ್ತಾರ್ರಿ ಬಾಯಾರ."

ಎಂಟು ವರ್ಷದವರಿಂದ ಹಿಡಿದು ಅರವತ್ತು ದಾಟಿದವರ ತನಕ ನನ್ನ ಹತ್ತಿರ ಕಲಿಯುವವರಿದ್ದರು. ಒಬ್ಬರಾದರೂ ಕೈ ಹಿಡಿದಾರು ಅಂದುಕೊಂಡೆ.

ದೀಪ ಹಚ್ಚೂ ಹೊತ್ತು

ಮೊದಲು ಕಣ್ಣಿಟ್ಟಿದ್ದು ನಮ್ಮದೇ ಶಾಲೆಯ ಐದನೇ ಇಯತ್ತೆಯ ಹುಡುಗಿಯ ಮೇಲೆ. ಕಿವಿ ಚಲೋ ಇತ್ತು. ವಯೋಲಿನ್ ನುಡಿಸುವ ಕಮಾನಿಗೆ ಕೂದಲು ಬಿಗಿದಿರುತ್ತದಲ್ಲ, ನುಡಿಸಿದ ಮೇಲೆ ಅದನ್ನು ಸಡಿಲ ಮಾಡಿಡಬೇಕು, ಇಲ್ಲದಿದ್ದರೆ ಕಟ್ಟಿಗೆ ಬಾಗಿ ಹೋಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಹುಡುಗಿಯ ಕಮಾನು ಬರುವುದು ಬಿಗಿಯಾಗಿಯೇ. ಬರಬರುತ್ತ ಅದು ಉಲ್ಟಾ ಬಾಗಿ, ಜೋಳ ಕೊಯ್ಯುವ ಕುಡಗೋಲಿನ ಹಾಗಾಯಿತು. ಕೇಳಿದರೆ, ತಾನು ದಿನಾ ಸಡಿಲ ಮಾಡುತ್ತೇನೆ, ಅಜ್ಜಿ ಮತ್ತೆ ಬಿಗಿ ಮಾಡುತ್ತಾಳೆ ಎಂದಿತು.

ಮನೆಗೇ ಹೋದೆ. ಅಜ್ಜಿ ನನ್ನನ್ನು ಕೂರಿಸಿ, ಕಲಿತವಳಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನೋಡಿದರು. "ದೀಪ ಹಚ್ಚೂ ಹೊತ್ತಿನ್ಯಾಗ ಮನ್ಯಾಗ ಕೂದಲಾ ಬಿಚ್ಚಿ ಇಡತಾರೇನ್ರಿ?"

ಲಕ್ಷ್ಮಿ ಬರುವ ಹೊತ್ತೆಂದು ಅವರು ದಿನಾ ಕೂದಲನ್ನು ಬಿಗಿ ಮಾಡಿ, ಕಮಾನನ್ನು ದೇವರ ಜಗಲಿಯ ಮೇಲಿಡುತ್ತಿದ್ದರು. ನಾನು ಕಟ್ಟಿಗೆಯ ಗುಣ ಹೇಳಿದೆ, ಹೊಸದರ ರೇಟು ಹೇಳಿದೆ. ಅಜ್ಜಿ ಜಗ್ಗಲಿಲ್ಲ. ಕೊನೆಗೆ, ಅಷ್ಟುದ್ದ ಕೂದಲು ಯಾರದು ಎಂದು ತಾವೇ ಕೇಳಿದರು. ಕುದುರೆಯ ಬಾಲದ್ದು ಎಂದೆ.

ಅಜ್ಜಿ ಜಗಲಿಯ ಕಡೆ ನೋಡಿ, "ಮೊದಲ ಹೇಳಬಾರದೇನ್ರಿ? ಶ್ರಾವಣ ಪೂರ್ತಿ ಕುದುರಿ ಬಾಲಕ್ಕ ಊದಿನಕಡ್ಡಿ ಬೆಳಗೇನಿ" ಎಂದರು.

ಭುಜ

ಮನೆಯವರು ಆ ಹುಡುಗಿಗೆ ವಯೋಲಿನ್ ಬಿಡಿಸಿ ಕರಾಟೆಗೆ ಹಾಕಿದರು. ನಾನು ಗೋಕಾಕದಲ್ಲಿ ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಕಾಕಾನನ್ನು ನೆಚ್ಚಿಕೊಂಡೆ. ಬ್ಯಾಂಕಿನಿಂದ ನಿವೃತ್ತರಾದವರು. ದಿನಾ ತಾಸುಗಟ್ಟಲೆ ಕಮಾನು ಎಳೆಯುತ್ತಿದ್ದರು. ಅಷ್ಟು ಹೊತ್ತು ಅವರ ಹೆಂಡತಿ, ಕಾಕು, ಗುಡಿಯಲ್ಲಿ ಇರುತ್ತಿದ್ದರು. ಇಂಥ ಸಾಧನೆ ಎಳೆಯ ಹುಡುಗರಲ್ಲೂ ನಾನು ಕಂಡಿರಲಿಲ್ಲ. ದೀಪಾವಳಿಯ ಹೊತ್ತಿಗೆ ಭೂಪ ರಾಗದ ಒಂದು ಸಣ್ಣ ರಚನೆ ತಪ್ಪಿಲ್ಲದೆ ಬರತೊಡಗಿತು. ತಪಾಸಣೆಯ ಸುದ್ದಿ ಹೇಳಿ, ಹುಕ್ಕೇರಿಗೆ ಬಂದು ನುಡಿಸಬೇಕೆಂದು ಕೇಳಿಕೊಂಡೆ.

ಮುಂದಿನ ಶನಿವಾರ ಹೋದಾಗ ವಯೋಲಿನ್ ಹೊರಗೆ ಬಂದೇ ಇರಲಿಲ್ಲ. ಕಾಕಾ ಕರದಂಟಿನ ಡಬ್ಬಿ ನನ್ನ ಮುಂದಿಟ್ಟು, ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿ, ಇಳಿಸಿ, ಮತ್ತೆ ಎತ್ತಿ ತೋರಿಸಿದರು. ವಯೋಲಿನ್ ಹಿಡಿಯುವ ಮೊದಲು ಭುಜ ಹಿಡಿದುಕೊಂಡಿತ್ತಂತೆ. ಡಾಕ್ಟರು ಹೇಳಿದ ವ್ಯಾಯಾಮಕ್ಕೆ ದಿನಾ ಬೆಳಗಾವಿಗೆ ಹೋಗಬೇಕಿತ್ತಂತೆ. ಟೀವಿಯಲ್ಲಿ ಯಾರೋ ವಯೋಲಿನ್ ನುಡಿಸುವುದನ್ನು ನೋಡಿ, ಕೈ ಆಡುವ ರೀತಿ ಅದೇ ಐತಲ್ಲ ಎನಿಸಿತಂತೆ.

"ಈಗ ಆರಾಮ ಆತ್ರಿ. ಇನ್ನ ಯಾಕ ತ್ರಾಸ?"

ಸಂಗೀತ? ಎಂದು ಕೇಳಿದೆ. ಖರೆ ಹೇಳಬೇಕಂದರೆ ಅದು ತಮಗೆ ಮೊದಲಿನಿಂದಲೂ ಅಷ್ಟು ಸೇರುವುದಿಲ್ಲ ಎಂದರು.

ಬಾಗಿಲ ತನಕ ಕಳಿಸಲು ಬಂದ ಕಾಕು ನನಗೆ ಕೈಮುಗಿದು, ದನಿ ತಗ್ಗಿಸಿ ಕೇಳಿದರು: "ನಮ್ಮ ಅಳಿಯಾಗ ಮೊಣಕಾಲ ಬ್ಯಾನಿ ಐತ್ರಿ. ಅದಕ್ಕ ಯಾವುದರೆ ವಾದ್ಯ ಐತೇನ್ರಿ?"

ಕಾಜಿನ ಕಪಾಟು

ಉಳಿದವಳು ಮೂಡಲಗಿಯ ಹುಡುಗಿ. ನಿಜ ಹೇಳಬೇಕೆಂದರೆ, ಮೊದಲಿನಿಂದಲೂ ನನ್ನ ಮನಸ್ಸಿನಲ್ಲಿದ್ದವಳು ಅವಳೇ. ಸಾಲಿಗೆ ಹೋಗುವಾಗ ಹಿಡಿದ ವಯೋಲಿನ್ನನ್ನು ಬಿ.ಎಸ್ಸಿ. ಮುಗಿದರೂ ಬಿಟ್ಟಿರಲಿಲ್ಲ. ಅವಳು ನುಡಿಸುವಾಗ ತಿದ್ದಬೇಕೆಂಬುದೇ ನನಗೆ ಮರೆತುಹೋಗುತ್ತಿತ್ತು.

ಹತ್ತರಗಿಯಿಂದ ಅವಳನ್ನು ನೋಡಲು ಬಂದರು. ಅವಳ ಅವ್ವ ನನ್ನನ್ನೂ ಕರೆಸಿದ್ದರು. ಅವಲಕ್ಕಿ ಆದ ಮೇಲೆ ಹುಡುಗಿ ನುಡಿಸಿದಳು. ಫೋನಿನಲ್ಲಿ ಕಬ್ಬಿನ ಗಾಡಿಯ ಮಾತಾಡುತ್ತಿದ್ದ ಹಿರಿಯರೊಬ್ಬರು ಫೋನ್ ಇಟ್ಟುಬಿಟ್ಟರು. ವರನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಲ್ಲೇ ಸಂಬಂಧ ಗಟ್ಟಿಯಾಯಿತು. ಮದುವೆಯಾದ ಮೇಲೂ ತಪಾಸಣೆಯ ದಿನ ಕಳಿಸುತ್ತೇವೆ ಎಂದು ಆ ತಾಯಿಯೇ ನನ್ನ ಕೈ ಹಿಡಿದು ಹೇಳಿದರು.

ಮದುವೆ ಆಯಿತು. ತಪಾಸಣೆಗೆ ವಾರವಿರುವಾಗ ಹತ್ತರಗಿಗೆ, ಅವಳ ಗಂಡನ ಮನೆಗೆ ಹೋದೆ. ಹಾಲ್‌ನಲ್ಲಿ ಕಾಜಿನ ಕಪಾಟು, ಗಾಜಿನ ಬಾಗಿಲಿನದು. ಅದರಲ್ಲಿ ಡಿನ್ನರ್ ಸೆಟ್ಟು, ಪ್ಲಾಸ್ಟಿಕ್ ಗುಲಾಬಿ, ನಡುವೆ ನೆಟ್ಟಗೆ ನಿಲ್ಲಿಸಿದ ವಯೋಲಿನ್. ಕಪಾಟಿಗೆ ಕೀಲಿ. ಹುಡುಗಿ ಚಹಾ ತಂದಳು. ನನ್ನ ಮುಖ ನೋಡದೆ ಕಪ್ಪು ಇಟ್ಟು ನಿಂತಳು. ಅವಳ ಎಡಗೈಯ ಬೆರಳ ತುದಿಗಳಲ್ಲಿ ತಂತಿ ಒತ್ತಿ ಒತ್ತಿ ಕಟ್ಟಿದ್ದ ಜಡ್ಡು ಆಗಲೇ ಸುಲಿದು ಮೆತ್ತಗಾಗಿತ್ತು.

ಕಳಿಸುತ್ತೀರಲ್ಲ ಎಂದು ಅತ್ತೆಯನ್ನು ಕೇಳಿದೆ. ಅವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಇನ್ನೊಂದು ಪ್ಲೇಟು ಚುರುಮುರಿ ಹಾಕಿಸುತ್ತಲೇ ಹೇಳಿದರು: "ಹೊರಗ ತಗದ್ರ ಧೂಳ ಕೂಡತೈತ್ರಿ, ಹೈವೇ ಬಾಜೂಕ ಮನಿ. ಬಂದವರಿಗೆಲ್ಲಾ ತೋರಸ್ತೀವಲ್ರಿ, ನಮ್ಮ ಸೊಸಿಗೆ ಬರತೈತಿ ಅಂತ."

ಬಂಗಾರದ ಬಣ್ಣ

ಕೊನೆಗೆ ನಾನೇ ನುಡಿಸುತ್ತೇನೆ ಎಂದೆ. ಚೇರ್ಮನ್ನರು ಒಪ್ಪಿದರು. ಅಷ್ಟರಲ್ಲಿ ಶಾಲೆಗೆ ಬಣ್ಣ ಹೊಡೆಯುತ್ತಿದ್ದರಿಂದ ನನ್ನ ಕೋಣೆಯಲ್ಲಿ ಮುರುಕು ಬೆಂಚು ಒಟ್ಟಿದ್ದರು. ಶಾಲೆಯ ವಯೋಲಿನ್ನುಗಳು ಆಫೀಸಿಗೆ ಹೋಗಿದ್ದವು.

ತಂಡ ಬಂತು. ಮೂವರು ಸಾಹೇಬರು ಕುರ್ಚಿಯಲ್ಲಿ ಕೂತರು. ನಾನು ಮನೆಯಿಂದ ತಂದಿದ್ದ ನನ್ನ ವಯೋಲಿನ್ನಿನ ಪೆಟ್ಟಿಗೆ ತೆರೆಯುವುದರೊಳಗೆ ಚೇರ್ಮನ್ನರು, ಅದು ಹಳೆಯದು, ಫೋಟೋಕ್ಕೆ ಚಲೋ ಕಾಣುವುದಿಲ್ಲ ಎಂದು ಶಾಲೆಯದೊಂದನ್ನು ನನ್ನ ಕೈಗೆ ಕೊಟ್ಟರು. ಅದು ಫಳಫಳ ಹೊಳೆಯುತ್ತಿತ್ತು. ಬಾಗಿಲ ಮುಂದಿನ ಸರಸ್ವತಿಯ ಮೂರ್ತಿಗೆ ತಂದಿದ್ದ ಬಂಗಾರದ ಬಣ್ಣ ಉಳಿದಿತ್ತಂತೆ. ಪೇಂಟರ್ ಅದನ್ನು ವಯೋಲಿನ್ನುಗಳಿಗೂ ಬಳಿದಿದ್ದ. ತಂತಿ ಬಿಟ್ಟಿರಲಿಲ್ಲ, ಕಮಾನಿನ ಕೂದಲೂ ಬಿಟ್ಟಿರಲಿಲ್ಲ. ಕೂದಲೆಲ್ಲ ಒಣಗಿದ ಶ್ಯಾವಿಗೆಯ ಹಾಗೆ ಅಂಟಿಕೊಂಡಿದ್ದವು.

ಎಳೆದೆ. ಸದ್ದಿಲ್ಲ. ಒತ್ತಿ ಎಳೆದೆ, ಬಣ್ಣದ ಪುಡಿ ನನ್ನ ಸೀರೆಯ ಮೇಲೆ ಉದುರಿತು. ನಿಲ್ಲಿಸಿ ಹೇಳಿಬಿಡಬೇಕೆಂದು ತಲೆ ಎತ್ತಿದರೆ, ದೊಡ್ಡ ಸಾಹೇಬರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಚೇರ್ಮನ್ನರು ನಡೀಲಿ ನಡೀಲಿ ಎಂದು ಕೈಸನ್ನೆ ಮಾಡಿದರು. ಕೋಣೆಯ ಆಸೆ ನೋಡಿ. ನಾನು ಬೆರಳು ಆಡಿಸುತ್ತ, ಕಮಾನು ತೀಡುತ್ತ, ಪೂರಾ ಒಂದು ರಾಗ ನುಡಿಸಿದೆ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಕಣ್ಣು ತೆರೆದು, "ಭೀಮಪಲಾಸ ಅಲ್ಲೇನ್ರಿ?" ಎಂದರು.

ಹೌದ್ರಿ ಎಂದೆ. ಖರೆ, ನಾನು ನುಡಿಸಿದ್ದು ಅದನ್ನೇ.

ಮರುದಿನ ಚೇರ್ಮನ್ನರು ಪೇಢೆ ಕೊಟ್ಟರು. ಸಂಗೀತ ವಿಭಾಗ ಉತ್ತಮ ಎಂದು ತಂಡದವರು ಬರೆದು ಹೋಗಿದ್ದರು. ಈಗಲಾದರೂ ಬೆಂಚು ತೆಗೆಸಿ ಕೋಣೆಯ ಕೀಲಿ ಕೊಡಿ ಎಂದೆ. ಅವರು ನಕ್ಕು ಇನ್ನೊಂದು ಪೇಢೆ ಮುಂದಿಟ್ಟರು.

"ಕ್ಲಾಸ್ ಇಲ್ಲದನ ಇಷ್ಟು ಹೆಸರು ಬಂತಲ್ರಿ ಬಾಯಾರ. ಮತ್ತ ರೂಮ್ ಯಾಕ ಬೇಕು?"