ನಾಲ್ಕು ನಾಯಿ, ಒಬ್ಬ ಭಾವ

ನನ್ನ ಭಾವನವರಂಥ ಶಾಂತಿಪ್ರಿಯರು ಇಡೀ ಮೂಡಿಗೆರೆ ತಾಲ್ಲೂಕಿನಲ್ಲೇ ಇಲ್ಲ. ಅವರ ಅಂಗಳದಷ್ಟು ಅಶಾಂತಿ ತುಂಬಿದ ಜಾಗವೂ ಇಲ್ಲ! ಬೇಲಿ ಜಗಳ, ನೀರಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಏನೇ ಇರಲಿ, ಗೋಣಿಬೀಡಿನ ಸುತ್ತಮುತ್ತಲಿನವರು ಬಂದರೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ರಾಜಿ ಮಾಡಿಸಿ ಕಳಿಸುತ್ತಿದ್ದರು. ಆದರೆ ತಮ್ಮದೇ ನಾಲ್ಕು ನಾಯಿಗಳ ನಡುವೆ ರಾಜಿ ಮಾಡಿಸಲು ಆ ಮಹಾನುಭಾವರಿಗೆ ತೊಂಬತ್ತರ ದಶಕ ಪೂರ್ತಿ ಸಾಲಲಿಲ್ಲ.

ನಾಯಿಗಳು ಎಂದೆನೇ? ತಪ್ಪಾಯಿತು. ಭಾವನವರ ಎದುರು ‘ಹುಡುಗರು’ ಎನ್ನಬೇಕು. ಕರುವಿನ ಗಾತ್ರದ ಭೀಮ; ಅವನ ಹೊಟ್ಟೆಯಡಿಯಲ್ಲಿ ತಲೆ ಬಗ್ಗಿಸದೆ ಓಡಾಡಬಲ್ಲ ಕುಳ್ಳಿ; ಇವರಿಬ್ಬರ ಕುಸ್ತಿಗೆ ಸುತ್ತ ನಿಂತು ಬೊಗಳಿ ಹುರಿದುಂಬಿಸಲೆಂದೇ ಹುಟ್ಟಿದ ಇನ್ನಿಬ್ಬರು.

ನಾನು ಮೊದಲ ಸಲ ನೋಡಿದಾಗ ಕುಳ್ಳಿಯ ತಲೆ ಭೀಮನ ಬಾಯೊಳಗಿತ್ತು. ಜೀಪಿನ ಬಾನೆಟ್ ಹತ್ತಿ, “ಭಾವಾ, ತಿಂದೇಬಿಟ್ಟ!” ಎಂದು ಕಿರುಚಿದೆ. ಭಾವ ಪೇಪರಿನಿಂದ ಕಣ್ಣೆತ್ತಲಿಲ್ಲ.

“ಆಟ ಮಾರಾಯ. ಅವಳ ಬಾಲ ನೋಡು, ಹೆಂಗೆ ಆಡ್ತಿದೆ.”

“ಮತ್ತೆ ಅವನು ನನ್ನ ಪಂಚೆ ಹರಿದಿದ್ದು?”

“ಅದು ನಿನ್ನ ಆಟಕ್ಕೆ ಕರೆದಿದ್ದು. ನೀನು ಹೋಗಲಿಲ್ಲ. ಪಾಪ, ಅವನಿಗೆ ಬೇಜಾರಾಯ್ತು.”

ಬೇಜಾರಾದದ್ದು ಅವನಿಗೆ!

ಆಟ ಮಿತಿಮೀರಿದಾಗ ಬಿಡಿಸಲು ಭಾವನವರು ಮಾಡದ ಪ್ರಯೋಗವಿಲ್ಲ. ಮೊದಲು ಎಸ್ಟೇಟಿನ ಗಂಟೆ ಬಾರಿಸಿದರು. ಹುಡುಗರು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕಾಫಿ ಹಣ್ಣು ಕುಯ್ಯುತ್ತಿದ್ದ ಆಳುಗಳೆಲ್ಲ ಊಟದ ಹೊತ್ತಾಯಿತೆಂದು ಇಳಿದುಬಂದು ಬುತ್ತಿ ಬಿಚ್ಚಿದರು. ಯಾರಿಗೂ ಇನ್ನೂ ಬೆಳಗಿನ ತಿಂಡಿಯೇ ಅರಗಿರಲಿಲ್ಲ! ಆಮೇಲೆ ಒಂದು ಕೊಡ ನೀರು ಎರಚಿದರು. ಹುಡುಗರು ಪಕ್ಕಕ್ಕೆ ಸರಿದರು. ಮದುವೆಗೆ ಕರೆಯಲು ಬಂದಿದ್ದ ನೆಂಟರಿಗೆ ಸರಿಯಬೇಕೆಂದು ಹೊಳೆಯಲಿಲ್ಲ.

ಕೊನೆಗೆ ಅಕ್ಕಿರೊಟ್ಟಿ. ಕುಸ್ತಿ ಜೋರಾಗುತ್ತಲೇ ನಾಲ್ಕು ದಿಕ್ಕಿಗೆ ನಾಲ್ಕು ರೊಟ್ಟಿ ಎಸೆದರು. ನಾಲ್ವರೂ ಚೆದುರಿದರು! ಭಾವ ಮೀಸೆ ಸವರಿಕೊಂಡರು. ಆದರೆ ವಾರದೊಳಗೆ ಹುಡುಗರಿಗೂ ವಿಷಯ ಅರ್ಥವಾಯಿತು. ಒಲೆಯ ಮೇಲೆ ಕಾವಲಿ ಇಟ್ಟ ಸದ್ದಾದರೆ ಸಾಕು, ಮಲಗಿದ್ದವರು ಎದ್ದು ಮೈಮುರಿದು, ನೇರ ಅಡುಗೆಮನೆಯ ಬಾಗಿಲಿಗೆ ಬಂದು ಒಬ್ಬರ ಕೊರಳು ಒಬ್ಬರು ಹಿಡಿಯತೊಡಗಿದರು. ಒಂದು ಕಣ್ಣು ಎದುರಾಳಿಯ ಮೇಲೆ, ಇನ್ನೊಂದು ಕಾವಲಿಯ ಮೇಲೆ!

“ಜಗಳ ಆಡಿ ಹಸಿವಾಗೋದಲ್ಲ ಇವಕ್ಕೆ, ಹಸಿವಾದಾಗ ಜಗಳ ಆಡ್ತವೆ,” ಎಂದಳು ಅಕ್ಕ. “ನಿಮ್ಮ ಪಂಚಾಯ್ತಿಗೆ ರೊಟ್ಟಿ ತಟ್ಟಿ ತಟ್ಟಿ ನನ್ನ ರಟ್ಟೆ ಬಿದ್ದೋಯ್ತು.”

ನಗುವ ಕಾಲ ಅಲ್ಲಿಗೆ ಮುಗಿಯಿತು. ಆ ಜನವರಿಯಲ್ಲಿ ಕಣದ ತುಂಬ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಬೀಜ, ಒಣಗಲು ಹರಡಿತ್ತು. ಭೀಮ, ಕುಳ್ಳಿ ಅದರ ನಡುವೆ ಉರುಳಾಡಿದರು. ಎದ್ದಾಗ ಕುಳ್ಳಿಯ ಕಿವಿ ಸೀಳಿತ್ತು. ಬಿಳಿಚಿದ ಬೀಜಗಳ ಮೇಲೆ ರಕ್ತ. ಭಾವ ಏನೋ ಹೇಳಲು ಬಾಯಿ ತೆರೆದರು.

“ಆಟ ಅನ್ಬೇಡಿ,” ಎಂದಳು ಅಕ್ಕ. “ನಾಳೆ ಕುತ್ತಿಗೆಗೇ ಬಾಯಿ ಬಿದ್ರೆ? ಭೀಮ ಈ ಮನೇಲಿ ಬೇಡ.”

ಊರಿಗೆಲ್ಲ ರಾಜಿ ಮಾಡಿಸುವ ಮನುಷ್ಯ ತಮ್ಮ ಕೈಯಾರೆ ಭೀಮನನ್ನು ಜೀಪಿಗೆ ಹತ್ತಿಸಿ, ಕಳಸದ ಸ್ನೇಹಿತರ ತೋಟಕ್ಕೆ ಬಿಟ್ಟುಬಂದರು.

ಅಂಗಳ ಶಾಂತವಾಯಿತು. ಎಂಥ ದರಿದ್ರ ಶಾಂತಿ! ಕುಳ್ಳಿ ಊಟ ಬಿಟ್ಟಳು. ಹಾಲನ್ನ, ಕೋಳಿಸಾರು, ಬೆಣ್ಣೆ ಸವರಿದ ರೊಟ್ಟಿ, ಯಾವುದನ್ನೂ ಮೂಸಲಿಲ್ಲ. ದನದ ಡಾಕ್ಟರು ಬಂದು ನೋಡಿ ಕಿವಿ ವಾಸಿಯಾಗುತ್ತಿದೆ ಎಂದರು. ಊಟದ ಮಾತೆತ್ತಿದರೆ, ಅದಕ್ಕೆ ತಮ್ಮ ಹತ್ತಿರ ಇಂಜೆಕ್ಷನ್ ಇಲ್ಲ ಎಂದರು. ಪಕ್ಕೆಲುಬು ಕಾಣತೊಡಗಿತು.

ಒಂದು ಮಧ್ಯಾಹ್ನ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಿನಿಂದ ಗುರ್ ಗುರ್ ಸದ್ದು. ಚಿರತೆಯೇ ಬಂತೆಂದು ಅಕ್ಕನೂ ನಾನೂ ದೊಣ್ಣೆ ಹಿಡಿದು ಓಡಿದೆವು.

ಭಾವ! ಪ್ಲಾಂಟರುಗಳೆಲ್ಲ ಎದ್ದು ನಿಂತು ನಮಸ್ಕಾರ ಹೇಳುವ ನಮ್ಮ ಭಾವನವರು, ಪಂಚೆ ಎತ್ತಿ ಕಟ್ಟಿ, ಧೂಳಿನಲ್ಲಿ ನಾಲ್ಕು ಕಾಲಾಗಿ ಕುಳ್ಳಿಯ ಮುಂದೆ ಗುರುಗುಟ್ಟುತ್ತಿದ್ದರು. ಭುಜದಿಂದ ಅವಳನ್ನು ಮೆಲ್ಲಗೆ ನೂಕುತ್ತಿದ್ದರು. ಕುಳ್ಳಿ ಅವರನ್ನು ಬಹಳ ಹೊತ್ತು ಅನುಮಾನದಿಂದ ನೋಡಿದಳು. ಆಮೇಲೆ ಅವರ ಅಂಗಿಯ ತೋಳನ್ನು ಕಚ್ಚಿ ಎಳೆದಳು. ಭಾವ ಸೋತವರಂತೆ ಅಡ್ಡ ಬಿದ್ದು ರೊಟ್ಟಿಯ ಚೂರು ಮುಂದೆ ಹಿಡಿದರು. ತಿಂದಳು!

ನಮ್ಮನ್ನು ಕಂಡರೂ ಅವರು ಏಳಲಿಲ್ಲ.

“ಭೀಮನಷ್ಟು ನನ್ನ ಕೈಲಿ ಆಗಲ್ಲ ಕಣೇ,” ಎಂದರು, ಏದುಸಿರು ಬಿಡುತ್ತ. “ಅರ್ಧ ರೊಟ್ಟಿ ತಿಂದ್ಲು ಅಷ್ಟೆ.”

ಅಕ್ಕ ದೊಣ್ಣೆ ಕೆಳಗಿಟ್ಟಳು. ಕೂತು, ಸೆರಗಿನಿಂದ ಅವರ ಮಂಡಿಯ ಧೂಳು ಒರೆಸಿದಳು.

“ಏಳಿ. ಜೀಪ್ ತೆಗೀರಿ, ನಾನೂ ಬರ್ತೀನಿ.” ಆಮೇಲೆ ನನ್ನತ್ತ ತಿರುಗಿದಳು. “ಒಳಗಿಂದ ಒಂದು ಹಳೇ ಕಂಬಳಿ ತಗೊಂಬಾರೋ. ಕಳಸದ ದಾರಿ ಬರೀ ತಿರುವು. ಬರೋವಾಗ ಭೀಮನಿಗೆ ತಲೆ ಸುತ್ತುತ್ತೆ, ನನ್ನ ಮಡಿಲ ಮೇಲೆ ಮಲಗಿಸ್ಕೊತೀನಿ.”