ರಾಗಿಯ ಅಪ್ಪ ಕಾಣೆಯಾಗಿದ್ದಾನೆ

ನಮ್ಮ ಚಿಕ್ಕಮ್ಮ ಜಪಾನಿನ ತ್ಸುಕುಬಾದಲ್ಲಿ ಕುಳಿತು ತಲೆಮರೆಸಿಕೊಂಡ ಗಂಡಸೊಬ್ಬನನ್ನು ಹುಡುಕುತ್ತಿದ್ದರು ಎಂದರೆ ನೀವು ತಪ್ಪು ತಿಳಿಯುತ್ತೀರಿ. ತಿಳಿಯಿರಿ, ಅವರ ಬಡಾವಣೆಯೇ ಹಾಗೆ ತಿಳಿದಿತ್ತು. ಅವನು ರಾಗಿಯ ಅಪ್ಪ.

ಚಿಕ್ಕಮ್ಮ ಅಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ಸಾವಿರಾರು ವರ್ಷಗಳ ಹಿಂದೆ ಎರಡು ಕಾಡುಹುಲ್ಲುಗಳು ಕೂಡಿ ರಾಗಿಯ ವಂಶ ಹುಟ್ಟಿತೆಂದು ಅದರ ಜೀನುಗಳೇ ಸಾಕ್ಷಿ ನುಡಿಯುತ್ತವೆಯಂತೆ. ತಾಯಿ ಪತ್ತೆಯಾಗಿದ್ದಾಳೆ: ತ್ಸುಕುಬಾದ ಸೈಕಲ್ ದಾರಿಯ ಬಿರುಕಿನಲ್ಲೂ ಬೆಳೆಯುವ, ಎಲ್ಲರೂ ತುಳಿಯುವ ಒಂದು ಹುಲ್ಲು. ತಂದೆ ನಾಪತ್ತೆ. ಹೆತ್ತವಳನ್ನು ತುಳಿದು, ಓಡಿಹೋದವನಿಗಾಗಿ ಸಂಶೋಧನೆ ನಡೆಸುವ ಈ ಲೋಕನ್ಯಾಯವನ್ನು ನಾನು ದಾರಿಯಲ್ಲೇ ನಿಂತು ಖಂಡಿಸಿದೆ.

"ಖಂಡಿಸು. ಆದ್ರೆ ಕಾಲು ಆ ಕಡೆ ಇಡು, ಅವಳ ಮೇಲೇ ನಿಂತಿದೀಯ," ಎಂದರು ಚಿಕ್ಕಮ್ಮ.

ನಾನಾಗ ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳ ತಾರೀಖು ಕೆಡಿಸಲಿದ್ದ ವೈಟುಕೆ ದೋಷ ತಿದ್ದಲು ಬೆಂಗಳೂರಿನಿಂದ ಟೋಕಿಯೋಗೆ ಬಂದಿದ್ದ ಎಂಜಿನಿಯರ್. "ನಿಮ್ಮ ಕಂಪ್ಯೂಟರಲ್ಲಿ ಎರಡು ಅಂಕಿ ಕಾಣೆಯಾದ್ರೆ ಪ್ರಪಂಚಾನೇ ಎದ್ದು ಕೂರತ್ತೆ. ರಾಗಿಗೆ ಅಪ್ಪನೇ ಕಾಣೆ. ಒಬ್ಬರಾದ್ರೂ ಓವರ್‌ಟೈಮ್ ಮಾಡಿದ್ರಾ?" ಎಂದು ಚಿಕ್ಕಮ್ಮ ಛೇಡಿಸಿದರು.

ಒಂದು ಭಾನುವಾರ ಬಡಾವಣೆಯವರೆಲ್ಲ ಕೂಡಿ ಕಳೆ ಕೀಳಲು ಬಂದರು. ಕಳೆ! ತನಗೆ ಬೇಡವಾದವರಿಗೆ ಬಲಿಷ್ಠನು ಇಟ್ಟ ಹೆಸರು. ಚಿಕ್ಕಮ್ಮ ಬಾಗಿಲ ಮುಂದಿನ ಹುಲ್ಲಿಗೆ ಅಡ್ಡ ಕುಳಿತು, ತಮ್ಮ ಹರಕು ಜಪಾನಿಯಲ್ಲಿ, "ಸುಮಿಮಾಸೆನ್, ಕ್ಷಮಿಸಿ ಸಾತೋ-ಸಾನ್, ಇವಳು ತಾಯಿ. ಮುಟ್ಟಬೇಡಿ," ಎಂದರು.

ನೆರೆಮನೆಯ ಸಾತೋ-ಸಾನ್ ಮೆಲ್ಲಗೆ, "ತಂದೆ?" ಎಂದರು.

"ಓಡಿಹೋಗಿದಾನೆ. ಹುಡುಕ್ತಾನೇ ಇದೀನಿ."

ಸಾತೋ-ಸಾನ್ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಪುಟ್ಟ ಮಗಳನ್ನು ನೋಡಿ, ಆಳವಾಗಿ ಬಾಗಿ ನಮಿಸಿದರು. ಸಂಜೆಯ ಹೊತ್ತಿಗೆ ಮನೆತುಂಬ ನೆರೆಯವರು ತಂದ ಸಾಂತ್ವನದ ತೋಫು! ಚಿಕ್ಕಮ್ಮ ಗಂಡನಿಂದ ಬೇರೆಯಾಗಿ ವರ್ಷಗಳಾಗಿದ್ದುದು ನಿಜವೇ; ಅವನನ್ನು ಹುಡುಕುತ್ತಿರಲಿಲ್ಲ, ಅಷ್ಟೆ. ಒಂಟಿ ತಾಯಿ ಮರುಕಕ್ಕೆ ಮಾತ್ರ ಅರ್ಹಳೆಂಬ ಪುರುಷಪ್ರಧಾನ ಭಾವನೆಯನ್ನು ನಾನು ವಿಶ್ಲೇಷಿಸತೊಡಗಿದೆ. "ಭಾಷಣ ಆಮೇಲೆ, ಮೊದಲು ಈರುಳ್ಳಿ ಹೆಚ್ಚು," ಎಂದರು ಚಿಕ್ಕಮ್ಮ.

ಮಗಳು ಮಾತ್ರ ನಗಲಿಲ್ಲ. ಮುಂದಿನ ಭಾನುವಾರ ಅವಳ ಶಾಲೆಯಲ್ಲಿ ಅಪ್ಪಂದಿರು ಬಂದು ತರಗತಿ ನೋಡುವ ದಿನ.

"ಎಲ್ಲರ ಪಾಪಾ ಬರ್ತಾರೆ. ಐ ಆಮ್ ನಾಟ್ ಗೋಯಿಂಗ್."

"ನಾನು ಟೈ ಕಟ್ಕೊಂಡು ಬರ್ಲಾ?"

"ನೋ ಅಣ್ಣಾ. ನಿಂಗೆ ಮೀಸೇನೇ ಬಂದಿಲ್ಲ."

ತಂದೆಯಿಲ್ಲದ ಮಗುವನ್ನು ಎಲ್ಲರೆದುರು ಬೊಟ್ಟುಮಾಡಿ ತೋರಿಸುವ ಈ ಕ್ರೌರ್ಯದ ವಿರುದ್ಧ ಶಾಲೆಯವರೊಡನೆ ವಾದಿಸಲು ನಾನು ಸಿದ್ಧನಾದೆ. ಚಿಕ್ಕಮ್ಮ ಬಿಡಲಿಲ್ಲ. ಆ ಭಾನುವಾರ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಾವೇ ಹೊರಟರು.

ತರಗತಿಯ ಹಿಂಭಾಗದಲ್ಲಿ ಸೂಟು ತೊಟ್ಟ ಅಪ್ಪಂದಿರ ಸಾಲು. ಅದರ ತುದಿಗೆ, ಮಣ್ಣು ಮೆತ್ತಿದ ಚೂಡಿದಾರದ ಚಿಕ್ಕಮ್ಮ. ಬಾಗಿಲ ಬಳಿ ನಾನು. ಪಾಠ ಮುಗಿಯುವವರೆಗೂ ಮಗಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಆಮೇಲೆ ಶಿಕ್ಷಕಿ, ಅಪ್ಪಂದಿರದೊಂದು ಫೋಟೊ ತೆಗೆಯೋಣ ಎಂದರು. ಯಾವ ಸಭೆಯಲ್ಲೂ ಕುರ್ಚಿ ಬಿಟ್ಟುಕೊಡದ ಚಿಕ್ಕಮ್ಮ ತಾವಾಗಿಯೇ ಪಕ್ಕಕ್ಕೆ ಸರಿದರು.

ಮಗಳು ಮೇಜುಗಳ ನಡುವಿನಿಂದ ಓಡಿಬಂದಳು. ಅಮ್ಮನ ಕೈಹಿಡಿದೆಳೆದು ಸೂಟುಗಳ ನಟ್ಟನಡುವೆ ನಿಲ್ಲಿಸಿದಳು. "ಇಲ್ಲೇ ನಿಂತ್ಕೋ ಅಮ್ಮ, ಅಲ್ಲಾಡಬೇಡ."

ಚಿಕ್ಕಮ್ಮ ಅಲ್ಲಾಡಲಿಲ್ಲ. ಕಣ್ಣೊರೆಸಿಕೊಳ್ಳಲು ಕೈಯನ್ನೂ ಎತ್ತಲಿಲ್ಲ.